ಬಾಯಿಬಿಡದವರ ಕಥೆಗಳು

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬೆಳೆದ ವಿಂಟರ್ ಸಾಂಟಿಯಾಗಾಳಿಗೆ ಅಪ್ಪನೇ ದೇವರು. ಅಪ್ಪನ ದಂಧೆ ಮಾದಕದ್ರವ್ಯದ್ದು. ಮನೆಯಲ್ಲಿ ಅದು ಗುಟ್ಟೂ ಅಲ್ಲ, ನಾಚಿಕೆಯ ಸಂಗತಿಯೂ ಅಲ್ಲ. ಅವಳ ತಂಗಿಯರ ಹೆಸರುಗಳೇ ಪೋರ್ಶೆ, ಲೆಕ್ಸಸ್, ಮರ್ಸಿಡಿಸ್! ಸಿಸ್ಟರ್ ಸೋಲ್ಜಾ ಬರೆದು 1999ರಲ್ಲಿ ಪ್ರಕಟವಾದ ‘ದ ಕೋಲ್ಡೆಸ್ಟ್ ವಿಂಟರ್ ಎವರ್’ ಈ ಮನೆ ಕುಸಿದು ಬೀಳುವ ಕಾದಂಬರಿ. ಅಮ್ಮನ ಮುಖಕ್ಕೆ ಗುಂಡು ತಗಲುತ್ತದೆ, ಅಪ್ಪ ಜೈಲು ಸೇರುತ್ತಾನೆ, ಆಸ್ತಿ ಸರ್ಕಾರದ ಪಾಲಾಗುತ್ತದೆ, ಮಕ್ಕಳು ದಿಕ್ಕಿಗೊಬ್ಬರಾಗುತ್ತಾರೆ. ಅಪ್ಪನಿಗೆ ಇನ್ನೊಬ್ಬ ಹೆಣ್ಣೂ ಅವಳಲ್ಲೊಂದು ಗಂಡುಮಗುವೂ ಇರುವುದು ಮಗಳಿಗೆ ಗೊತ್ತಾಗುವುದು ಅವನು ಜೈಲು ಸೇರಿದ ಮೇಲೆ. ಯಾರಿಗಾಗಿ ಇಷ್ಟು ದಿನ ಎದೆಯುಬ್ಬಿಸಿ ನಡೆದಳೋ ಅವನ ನಿಷ್ಠೆ ಎಲ್ಲಿತ್ತು?

ಈ ಬಗೆಯ ಬರಹಕ್ಕೆ ಅಮೆರಿಕದಲ್ಲಿ ‘ಸ್ಟ್ರೀಟ್ ಲಿಟ್’ ಎನ್ನುತ್ತಾರೆ. ಕಪ್ಪು ಜನರ ಕೇರಿಗಳಲ್ಲಿ, ಬಹುಪಾಲು ಆ ಬದುಕನ್ನು ಕಂಡವರೇ ಬರೆದದ್ದು. ಷಿಕಾಗೋದಲ್ಲಿ ತಲೆಹಿಡುಕನಾಗಿದ್ದ ರಾಬರ್ಟ್ ಬೆಕ್ ‘ಐಸ್‌ಬರ್ಗ್ ಸ್ಲಿಮ್’ ಹೆಸರಿನಲ್ಲಿ 1967ರಲ್ಲಿ ತನ್ನ ಆತ್ಮಕಥೆ ತಂದ. ಅವನನ್ನು ಜೈಲಿನಲ್ಲಿ ಓದಿ ಪೆನ್ನು ಹಿಡಿದವನು ಡೆಟ್ರಾಯ್ಟ್‌ನ ಡೊನಾಲ್ಡ್ ಗೋಯಿನ್ಸ್. ಮನೆಯವರದು ಬಟ್ಟೆ ಶುಚಿಗೊಳಿಸುವ ಅಂಗಡಿ. ಹುಡುಗ ವಯಸ್ಸಿನ ಬಗ್ಗೆ ಸುಳ್ಳು ಹೇಳಿ ವಾಯುಪಡೆ ಸೇರಿದ, ಹೆರಾಯಿನ್ ಚಟ ಹತ್ತಿಸಿಕೊಂಡು ಮರಳಿದ. 1971ರಿಂದ ಮೂರ್ನಾಲ್ಕು ವರ್ಷಗಳಲ್ಲಿ ಅವನ ಕಾದಂಬರಿಗಳು ಒಂದರ ಹಿಂದೊಂದು ಬಂದವು, ಒಟ್ಟು 16. ತನ್ನ ಹೆಸರೇ ಅಂಗಡಿ ತುಂಬೀತೆಂದು ಕೆಲವಕ್ಕೆ ಅಲ್ ಸಿ. ಕ್ಲಾರ್ಕ್ ಎಂಬ ಹೆಸರೂ ಬೇಕಾಯಿತು. 1974ರ ಅಕ್ಟೋಬರ್‌ನಲ್ಲಿ ಅವನನ್ನೂ ಅವನ ಸಂಗಾತಿಯನ್ನೂ ಮನೆಯಲ್ಲೇ ಗುಂಡಿಟ್ಟು ಕೊಂದರು. ಆಗ ಅವನ ವಯಸ್ಸು 37.

ನಿಷ್ಠೆಯೇ ಈ ಕಥೆಗಳ ಬೆನ್ನೆಲುಬಾದದ್ದು ಲೇಖಕರ ಭಾವುಕತೆಯಿಂದಲ್ಲ. ಅದರ ಹಿಂದೆ ಕಾನೂನಿದೆ. 1986ರ ಕೇಂದ್ರ ಕಾಯ್ದೆಯ ಪ್ರಕಾರ ಮಾರಲೆಂದು 5 ಗ್ರಾಂ ಕ್ರ್ಯಾಕ್, ಅಂದರೆ ಹರಳು ರೂಪದ ಕೊಕೇನ್, ಇಟ್ಟುಕೊಂಡರೆ ಕನಿಷ್ಠ 5 ವರ್ಷ ಸೆರೆ. ಅದೇ ಶಿಕ್ಷೆಗೆ ಪುಡಿ ಕೊಕೇನ್ ಆದರೆ 500 ಗ್ರಾಂ ಬೇಕಿತ್ತು. ಪುಡಿ ಸಿರಿವಂತರದು, ಕ್ರ್ಯಾಕ್ ಬಡವರದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. 1988ರಲ್ಲಿ ಒಳಸಂಚಿಗೂ ಈ ಕಡ್ಡಾಯ ಶಿಕ್ಷೆ ಹರಡಿತು. ಶಿಕ್ಷೆ ಇಳಿಸಿಕೊಳ್ಳಲು ಆಗ ಇದ್ದ ಮುಖ್ಯ ದಾರಿ ಒಂದೇ: ಬಾಯಿಬಿಡುವುದು, ಅಂದರೆ ಅಣ್ಣನ, ಗಂಡನ, ಗೆಳೆಯನ ಹೆಸರು ಹೇಳುವುದು. ಕಾದಂಬರಿಕಾರನಿಗೆ ಇದಕ್ಕಿಂತ ಕ್ರೂರವಾದ ಕಥಾವಸ್ತು ಎಲ್ಲಿ ಸಿಕ್ಕೀತು? ಗೆಳೆಯನ ಸರಕಿದ್ದ ಕಾರಿನೊಂದಿಗೆ ಸಿಕ್ಕಿಬಿದ್ದ ವಿಂಟರ್‌ಗೂ 15 ವರ್ಷ ಬೀಳುತ್ತದೆ. 5 ಗ್ರಾಮಿನ ಲೆಕ್ಕ ಬದಲಾಗಲು 2010ರವರೆಗೆ ಕಾಯಬೇಕಾಯಿತು.

ದೊಡ್ಡ ಪ್ರಕಾಶಕರು ಮೊದಲು ಮೂಗು ಮುರಿದರು. ಟೆರಿ ವುಡ್ಸ್ ತಮ್ಮ ‘ಟ್ರೂ ಟು ದ ಗೇಮ್’ ಅನ್ನು ಕಾರಿನ ಡಿಕ್ಕಿಯಲ್ಲಿಟ್ಟು ಮಾರಿದರು. ಸೆರೆಮನೆಯಿಂದ ಬಂದ ವಿಕಿ ಸ್ಟ್ರಿಂಗರ್ ಒಹಾಯೋದ ಕೊಲಂಬಸ್‌ನಲ್ಲಿ ‘ಟ್ರಿಪಲ್ ಕ್ರೌನ್’ ಎಂಬ ಸ್ವಂತ ಪ್ರಕಾಶನವನ್ನೇ ಕಟ್ಟಿದರು. ಕಾಸು ಕಂಡ ಮೇಲೆ ದೊಡ್ಡವರೂ ಬಂದರು, ಬಿಡಿ.

ಆಕ್ಷೇಪ ಹೊರಗಿನವರದಷ್ಟೇ ಆಗಿರಲಿಲ್ಲ. ಕಪ್ಪು ಲೇಖಕ ನಿಕ್ ಚೈಲ್ಸ್ 2006ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಸಿಡಿದೆದ್ದರು. ತಮ್ಮ ಜನರ ಸಾಹಿತ್ಯವೆಂದು ಅಂಗಡಿಯ ಕಪಾಟಿನಲ್ಲಿ ಇಂಥವೇ ತುಂಬಿವೆ ಎಂಬುದು ಅವರ ಸಂಕಟ. ಫಿಲಡೆಲ್ಫಿಯಾದ ಗ್ರಂಥಪಾಲಕಿ ವನೆಸಾ ಇರ್ವಿನ್ ಮಾರಿಸ್ ಹಿಡಿದದ್ದು ಬೇರೆ ದಾರಿ. ಹದಿಹರೆಯದವರೊಂದಿಗೆ ಕೂತು ಇವನ್ನೇ ಓದಿ, 2011ರಲ್ಲಿ ಗ್ರಂಥಪಾಲಕರಿಗೊಂದು ಕೈಪಿಡಿ ಬರೆದರು.

ಚೈಲ್ಸ್ ಮಾತಿನಲ್ಲಿ ಹುರುಳಿದೆ. ಈ ರಾಶಿಯಲ್ಲಿ ಬಟ್ಟೆಬರೆ, ಕಾರುಗಳ ಬ್ರ್ಯಾಂಡ್ ಪಟ್ಟಿ ಮಾಡುವ ಜಳ್ಳು ಬೇಕಾದಷ್ಟಿದೆ. ಗಟ್ಟಿಕಾಳು ಬೇಕಾದವರು ಸೋಲ್ಜಾರನ್ನು ಮೊದಲು ಓದಲಿ. ಆಮೇಲೆ ಗೋಯಿನ್ಸನ ‘ಡ್ಯಾಡಿ ಕೂಲ್’ ಹಿಡಿಯಲಿ: ಬಾಡಿಗೆ ಕೊಲೆಗಾರನೊಬ್ಬನ ಮುದ್ದಿನ ಮಗಳು ತಲೆಹಿಡುಕನ ಹಿಂದೆ ಮನೆ ಬಿಟ್ಟು ಹೋಗುವ ಈ ಪುಟ್ಟ ಕಾದಂಬರಿ ಬಂದದ್ದು ಲೇಖಕ ಸತ್ತ ವರ್ಷವೇ.