ಪಿಸಿಬಿ ರಾಸಾಯನಿಕ ಮತ್ತು ಕಡಲ ಜೀವಿಗಳು: ಸಾರ್ವಜನಿಕ ಮಾಹಿತಿ

ಪಾಲಿಕ್ಲೋರಿನೇಟೆಡ್ ಬೈಫಿನೈಲ್ (ಪಿಸಿಬಿ) ಹಿಂದೆ ವಿದ್ಯುತ್ ಪರಿವರ್ತಕ ಹಾಗೂ ಕೆಪಾಸಿಟರ್‌ಗಳಲ್ಲಿ ಬಳಸಲಾಗುತ್ತಿದ್ದ ಎಣ್ಣೆಯಂತಹ ಕೈಗಾರಿಕಾ ರಾಸಾಯನಿಕವಾಗಿದೆ. ಇದು ಮಣ್ಣಿನಲ್ಲಿ ದಶಕಗಳವರೆಗೆ ನಾಶವಾಗದೆ ಉಳಿಯುತ್ತದೆ.

ಸಿದ್ದಾಪುರ ತಾಲ್ಲೂಕಿನ ನಿಲ್ಕುಂದ ಭಾಗದ ಹಳ್ಳಗಳ ನೀರು ಅಘನಾಶಿನಿ ನದಿಯ ಮೂಲಕ ತದಡಿ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಆದುದರಿಂದ ಘಟ್ಟದ ಮೇಲೆ ಚೆಲ್ಲಿದ ಇಂತಹ ಎಣ್ಣೆಯು ಅಳಿವೆಯ ಬಳಚು, ಮೀನುಗಳಿಗೂ ಅವುಗಳನ್ನು ಅವಲಂಬಿಸಿದ ಕುಟುಂಬಗಳಿಗೂ ಹಾನಿಕರ.

ಪರಿಣಾಮಗಳು:
೧. ಪಿಸಿಬಿಯು ಕೆಸರಿಗೆ ಅಂಟಿ, ಸಣ್ಣ ಜೀವಿಗಳಿಂದ ಮೀನಿಗೆ, ಮೀನಿನಿಂದ ಡಾಲ್ಫಿನ್‌ಗೆ ದಾಟುತ್ತದೆ. ಕೊಬ್ಬಿನಲ್ಲಿ ಸಂಗ್ರಹವಾಗಿ ಹಂತಹಂತವಾಗಿ ಹೆಚ್ಚುತ್ತದೆ.
೨. ಡಾಲ್ಫಿನ್‌ಗಳ ರೋಗನಿರೋಧಕ ಶಕ್ತಿ ಹಾಗೂ ಸಂತಾನಶಕ್ತಿ ಕುಂದುತ್ತದೆ. ತಾಯಿಯ ಹಾಲಿನ ಮೂಲಕ ಮರಿಗೂ ಸೇರುತ್ತದೆ.

ಕಾನೂನು: ಭಾರತವು ಸ್ಟಾಕ್‌ಹೋಮ್ ಒಪ್ಪಂದವನ್ನು 2006ರಲ್ಲಿ ಅನುಮೋದಿಸಿತು. ಕೇಂದ್ರ ಸರ್ಕಾರದ 2016ರ ಆದೇಶವು ಪಿಸಿಬಿ ತಯಾರಿಕೆ ಹಾಗೂ ಆಮದನ್ನು ನಿಷೇಧಿಸಿ, ಬಳಕೆ ನಿಲ್ಲಿಸಲು 2025ರ ಡಿಸೆಂಬರ್ 31ರ ಗಡುವು ವಿಧಿಸಿತು.

ಸಾರ್ವಜನಿಕರ ಗಮನಕ್ಕೆ: ಎಣ್ಣೆಯಲ್ಲಿ ಪಿಸಿಬಿ ಇದೆಯೇ ಎಂಬುದು ಪ್ರಯೋಗಾಲಯದ ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ. ಆದ್ದರಿಂದ ಹಳೆಯ ಪರಿವರ್ತಕದ ಎಣ್ಣೆಯನ್ನು ಮರಮಟ್ಟಿಗೆ ಬಳಿಯುವುದು, ಸುಡುವುದು ಅಥವಾ ಹಳ್ಳಕ್ಕೆ ಸುರಿಯುವುದು ಸಲ್ಲದು. ಸೋರಿಕೆ ಕಂಡುಬಂದಲ್ಲಿ ಸಮೀಪದ ಹೆಸ್ಕಾಂ ಕಚೇರಿಗೆ ಅಥವಾ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸ್ಥಳ ಹಾಗೂ ದಿನಾಂಕ ನಮೂದಿಸಿ ಲಿಖಿತವಾಗಿ ತಿಳಿಸತಕ್ಕದ್ದು.