ಜಾಲತಾಣದ ಬೀಗವೂ ವ್ಯಾಪಾರದ ನಂಬಿಕೆಯೂ

ದೊಡ್ಡಬಳ್ಳಾಪುರದ ಓಣಿಗಳಲ್ಲಿ ನಡೆದಾಡಿದವರಿಗೆ ವಿದ್ಯುತ್ ಮಗ್ಗಗಳ ಸದ್ದು ಚಿರಪರಿಚಿತ. ಅಲ್ಲಿ ನೇಯ್ದ ಸೀರೆಯನ್ನು ಅಂಗಡಿಯಲ್ಲಿ ಕೊಳ್ಳುವವರು ಸೆರಗನ್ನು ಬಿಡಿಸಿ ನೋಡುವರು, ಬಟ್ಟೆಯನ್ನು ಬೆರಳುಗಳ ನಡುವೆ ಹಿಡಿದು ಪರೀಕ್ಷಿಸುವರು. ಅದೇ ನೇಕಾರನು ಅಂತರಜಾಲದಲ್ಲಿ ತಾಣವೊಂದನ್ನು ತೆರೆದು, ಧಾರವಾಡದಲ್ಲಿರುವ ಗ್ರಾಹಕರಿಗೆ ಸೀರೆಯನ್ನು ಮಾರಬಯಸಿದನೆನ್ನಿ. ಆಗ ಅವರ ಕಣ್ಣಿಗೆ ಬೀಳುವುದು ಒಂದು ಚಿತ್ರ, ಒಂದು ಬೆಲೆ, ಇಷ್ಟೇ. ಅದೇ ಚಿತ್ರವನ್ನು ಕದ್ದು, ಅರ್ಧ ಬೆಲೆಗೆ ಕೊಡುವೆನೆಂದು ಹಣ ಪಡೆದು ಮಾಯವಾಗುವ ಮೋಸಗಾರನ ತಾಣವೂ ನೋಡುವುದಕ್ಕೆ ಹಾಗೆಯೇ ಇರುತ್ತದೆ. ಒಮ್ಮೆ ಮೋಸಹೋದ ಗ್ರಾಹಕರು ಪ್ರಾಮಾಣಿಕ ನೇಕಾರನನ್ನೂ ಸಂಶಯದಿಂದಲೇ ಕಾಣುವರು.

ಹಾಗಾದರೆ ನಂಬಿಕೆಗೆ ಆಧಾರವೇನು? ವಿಜ್ಞಾನದಲ್ಲಿ ಒಂದು ಮಾತನ್ನು ಒಪ್ಪುವುದು, ಹೇಳಿದವರ ಮೇಲಿನ ಗೌರವದಿಂದಲ್ಲ. ಇತರರೂ ಅದನ್ನು ಸ್ವತಂತ್ರವಾಗಿ ಪರೀಕ್ಷಿಸಬಹುದು ಎಂಬ ಕಾರಣದಿಂದ. ವ್ಯಾಪಾರಕ್ಕೂ ಇದೇ ನಿಯಮವನ್ನು ಅನ್ವಯಿಸಿ ನೋಡೋಣ.

ಬೀಗದ ಗುಟ್ಟು

ಜಾಲತಾಣದ ವಿಳಾಸದ ಪಕ್ಕದಲ್ಲಿ ಪುಟ್ಟ ಬೀಗದ ಚಿತ್ರವನ್ನು ವಾಚಕರು ಕಂಡಿರಬಹುದು. ಅದರ ಹಿಂದೆ ಸೊಗಸಾದ ಗಣಿತವುಂಟು. 53 ಮತ್ತು 61 ಎಂಬ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದರೆ 3233 ಬರುವುದು. ಗುಣಿಸುವುದು ಸುಲಭ; ಆದರೆ 3233ನ್ನು ಮಾತ್ರ ಕೊಟ್ಟು ಅಪವರ್ತನಗಳನ್ನು ಕೇಳಿದರೆ ತುಸು ಹೊತ್ತು ಹುಡುಕಬೇಕಾಗುವುದು. ಗುಣಲಬ್ಧದಲ್ಲಿ ಆರುನೂರಕ್ಕೂ ಹೆಚ್ಚು ಅಂಕೆಗಳಿದ್ದರೆ ಇಂದಿನ ಗಣಕಯಂತ್ರಗಳೂ ಸೋಲುತ್ತವೆ. ಈ ತತ್ತ್ವದ ಮೇಲೆ ರಿವೆಸ್ಟ್, ಶಮೀರ್ ಮತ್ತು ಏಡ್ಲ್‌ಮನ್ ಎಂಬವರು 1977ರಲ್ಲಿ ಜೋಡಿ ಕೀಲಿಗಳ ವಿಧಾನವೊಂದನ್ನು ರಚಿಸಿದರು. ಒಂದು ಕೀಲಿ ಗುಟ್ಟಾಗಿರುತ್ತದೆ, ಇನ್ನೊಂದು ಎಲ್ಲರಿಗೂ ತಿಳಿದಿರುತ್ತದೆ. ಗುಟ್ಟಿನ ಕೀಲಿಯಿಂದ ಹಾಕಿದ ಸಹಿಯನ್ನು ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ಆದರೆ ಅಂತಹ ಸಹಿಯನ್ನು ಹಾಕಲಾರರು.

ಪ್ರಮಾಣಪತ್ರ ನೀಡುವ ಸಂಸ್ಥೆಗಳು ಜಾಲತಾಣದ ವಿಳಾಸವನ್ನೂ ಅದರ ಬಹಿರಂಗ ಕೀಲಿಯನ್ನೂ ಒಟ್ಟಿಗೆ ಬರೆದು ಇಂತಹ ಸಹಿ ಹಾಕುತ್ತವೆ. ನಮ್ಮ ಬ್ರೌಸರು ಆ ಸಹಿಯನ್ನು ತಾಳೆನೋಡುತ್ತದೆ. ಸಹಿ ಹಾಕುವವರೇ ಎಚ್ಚರ ತಪ್ಪಿದರೆ? 2011ರಲ್ಲಿ ನೆದರ್ಲೆಂಡಿನ ಡಿಜಿನೋಟಾರ್ ಎಂಬ ಸಂಸ್ಥೆಯ ಗಣಕಗಳಿಗೆ ಕನ್ನ ಹಾಕಿದವರು ಗೂಗಲ್ ಹೆಸರಿನಲ್ಲಿ ಸುಳ್ಳು ಪ್ರಮಾಣಪತ್ರವನ್ನು ಪಡೆದರು. ಬ್ರೌಸರು ತಯಾರಕರು ಆ ಸಂಸ್ಥೆಯನ್ನು ತಮ್ಮ ಪಟ್ಟಿಯಿಂದ ತೆಗೆದುಹಾಕಿದರು. ಅದೇ ವರ್ಷ ಸಂಸ್ಥೆ ದಿವಾಳಿಯಾಯಿತು.

ಬೀಗ ಹೇಳದ ಮಾತು

ಬೀಗವು ತಿಳಿಸುವುದು ಎರಡೇ ಸಂಗತಿಗಳನ್ನು: ನೀವು ತಲುಪಿರುವುದು ಅಲ್ಲಿ ಬರೆದಿರುವ ವಿಳಾಸವನ್ನೇ; ದಾರಿಯಲ್ಲಿ ಮೂರನೆಯವರು ನಿಮ್ಮ ಮಾತನ್ನು ಓದಲಾರರು. ಆ ವಿಳಾಸದ ಒಡೆಯನು ಸತ್ಯವಂತನೆಂದು ಅದು ಹೇಳುವುದಿಲ್ಲ. ಪ್ರಮಾಣಪತ್ರಗಳು ಇಂದು ಉಚಿತವಾಗಿಯೂ ದೊರೆಯುವುದರಿಂದ ಮೋಸಗಾರನ ತಾಣಕ್ಕೂ ಬೀಗವಿರಬಹುದು. ಜನರು ಬೀಗವನ್ನು ಪ್ರಾಮಾಣಿಕತೆಯ ಗುರುತೆಂದು ತಪ್ಪು ತಿಳಿಯುತ್ತಿದ್ದುದರಿಂದಲೇ ಕ್ರೋಮ್ ಬ್ರೌಸರು 2023ರಲ್ಲಿ ಆ ಚಿತ್ರವನ್ನು ಬದಲಾಯಿಸಿತು.

ಆದುದರಿಂದ ವ್ಯಾಪಾರಿಯು ಬೇರೆ ಸಾಕ್ಷ್ಯಗಳನ್ನು ಒದಗಿಸಬೇಕು. ಜಿ.ಎಸ್.ಟಿ. ನೋಂದಣಿಯಿದ್ದರೆ ಅದರ ಸಂಖ್ಯೆಯನ್ನು ಪ್ರಕಟಿಸುವುದು ಒಂದು ದಾರಿ. ಅದರಲ್ಲಿ 15 ಚಿಹ್ನೆಗಳಿವೆ. ಮೊದಲ ಎರಡು ರಾಜ್ಯದ ಗುರುತು, ಕರ್ನಾಟಕಕ್ಕೆ 29. ಮುಂದಿನ ಹತ್ತು ಪಾನ್ ಸಂಖ್ಯೆ. ಕೊನೆಯದು ಹಿಂದಿನ 14 ಚಿಹ್ನೆಗಳಿಂದ ಲೆಕ್ಕಹಾಕಿ ಪಡೆದ ತಾಳೆಯ ಚಿಹ್ನೆ. ಬರೆಯುವಾಗ ಒಂದೇ ಒಂದು ಚಿಹ್ನೆ ತಪ್ಪಿದರೂ ಲೆಕ್ಕ ಕೂಡುವುದಿಲ್ಲ. ಆದರೆ ಮತ್ತೊಬ್ಬರ ಸಂಖ್ಯೆಯನ್ನು ಕದ್ದು ಹಾಕಿದ್ದರೆ? ಸರ್ಕಾರದ ಜಿ.ಎಸ್.ಟಿ. ತಾಣದಲ್ಲಿ ಆ ಸಂಖ್ಯೆಯನ್ನು ಕೊಟ್ಟರೆ ನೋಂದಾಯಿತ ಹೆಸರು ಕಾಣುವುದು. ಯು.ಪಿ.ಐ. ಮೂಲಕ ಹಣ ಕಳುಹಿಸುವ ಮುನ್ನ ಪರದೆಯಲ್ಲಿ ತೋರುವ ಹೆಸರಿನೊಡನೆ ಇದನ್ನು ಹೋಲಿಸಿ ನೋಡಬೇಕು.

ಸರಕಿನ ಸಾಕ್ಷ್ಯವೇ ಬೇರೆ. ಬೆಂಗಳೂರಿನಲ್ಲಿರುವ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಆರಂಭವಾದ ಸಿಲ್ಕ್ ಮಾರ್ಕ್ ಚೀಟಿಯು ಬಟ್ಟೆ ಶುದ್ಧ ರೇಷ್ಮೆಯೆಂಬುದಕ್ಕೆ ಭರವಸೆ. ಪಾರ್ಸೆಲು ಕೈಸೇರಿದ ಮೇಲೆ ಮನೆಯಲ್ಲಿಯೂ ಒಂದು ಪರೀಕ್ಷೆ ಮಾಡಬಹುದು. ಸೀರೆಯ ಅಂಚಿನಿಂದ ತೆಗೆದ ಎರಡು ಎಳೆಗಳನ್ನು ಎಚ್ಚರದಿಂದ ಸುಟ್ಟಾಗ, ರೇಷ್ಮೆಯು ಪ್ರೋಟೀನಾದುದರಿಂದ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ನೆರವು ಪಡೆಯುವಾಗ

ನೇಕಾರನೇ ಜಾಲತಾಣವನ್ನು ಕಟ್ಟಲಾರನು. ಬಲ್ಲವರ ನೆರವು ಬೇಕು. ಇಲ್ಲಿಯೂ ಪರೀಕ್ಷೆಯ ನಿಯಮವೇ ದಾರಿದೀಪ. ಅವರು ಹಿಂದೆ ಕಟ್ಟಿದ ತಾಣಗಳನ್ನು ತೆರೆದು ನೋಡಬೇಕು, ಅವುಗಳ ಒಡೆಯರನ್ನೇ ವಿಚಾರಿಸಬೇಕು. ಎಲ್ಲಕ್ಕಿಂತ ಮುಖ್ಯವಾದುದು ತಾಣದ ಹೆಸರು. ಅದು ವ್ಯಾಪಾರಿಯ ಹೆಸರಿನಲ್ಲಿಯೇ, ಅವನ ಮಿಂಚಂಚೆ ವಿಳಾಸದಲ್ಲಿಯೇ ನೋಂದಣಿಯಾಗಬೇಕು; ಗುಪ್ತಪದಗಳು ಅವನ ಕೈಯಲ್ಲಿರಬೇಕು. ಇಲ್ಲವಾದರೆ ಮನಸ್ತಾಪ ಬಂದ ದಿನ ವರ್ಷಗಳಿಂದ ಗಳಿಸಿದ ಹೆಸರೇ ಪರರ ಪಾಲಾದೀತು. ಗೂಗಲ್‌ನಲ್ಲಿ ಮೊದಲ ಸ್ಥಾನ ಖಂಡಿತ ಕೊಡಿಸುವೆನೆನ್ನುವವರನ್ನೂ, ಹೊಗಳಿಕೆಯ ಅಭಿಪ್ರಾಯಗಳನ್ನು ಹಣಕ್ಕೆ ಬರೆಯಿಸಿಕೊಡುವೆನೆನ್ನುವವರನ್ನೂ ದೂರವಿಡುವುದು ಲೇಸು. ಸಣ್ಣ ಉದ್ಯಮಗಳಿಗಾಗಿ 2020ರ ಜುಲೈ 1ರಂದು ಜಾರಿಗೆ ಬಂದ ಉದ್ಯಮ್ ನೋಂದಣಿ ಸರ್ಕಾರದ ತಾಣದಲ್ಲಿ ಉಚಿತ. ಸರ್ಕಾರಿ ಶುಲ್ಕವೆಂದು ಹಣ ಕೇಳುವ ತಾಣ ಸರ್ಕಾರದ್ದಲ್ಲ. ಮೋಸ ನಡೆದುಹೋದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ಮಗ್ಗವೋ ಅಂಗಡಿಯೋ ಇರುವ ಮನೆಗಳ ವಿದ್ಯಾರ್ಥಿಗಳು ಈ ಕೆಲಸವನ್ನು ಇಂದೇ ಆರಂಭಿಸಬಹುದು: ನಿಮ್ಮ ತಾಣದ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಅದರ ಗುಪ್ತಪದ ಯಾರ ಬಳಿಯಿದೆ ಎಂದು ಮೊದಲು ಮನೆಯ ಹಿರಿಯರನ್ನು ಕೇಳಿ ತಿಳಿಯಿರಿ.