ಹಂದಿಯ ಹೃದಯ, ಮಾನವನ ಪ್ರಾಣ



ಜನವರಿ 17ರಂದು ನಾವು ಮಠಾಧಿಪತಿ ಸಂತ ಅಂತೋಣಿಯವರನ್ನು ಸ್ಮರಿಸುತ್ತೇವೆ. ಡೋರ್ನಹಳ್ಳಿಗೆ ನಾವು ಹರಕೆ ಹೊತ್ತು ಹೋಗುವುದು ಪದುವಾದ ಸಂತ ಅಂತೋಣಿಯವರ ಸನ್ನಿಧಿಗೆ. ಇವರಾದರೋ ಅವರಿಗಿಂತ ಸುಮಾರು ಒಂಬತ್ತು ಶತಮಾನ ಹಿಂದಿನ, ಈಜಿಪ್ಟಿನ ಮರುಭೂಮಿಯ ತಪಸ್ವಿ. ಇವರ ಚಿತ್ರಗಳಲ್ಲಿ ಕಾಲ ಬಳಿ ಒಂದು ಹಂದಿ ಇರುವುದುಂಟು. ಮಧ್ಯಯುಗದ ಯುರೋಪಿನಲ್ಲಿ ಇವರ ಹೆಸರಿನ ಸಹೋದರರ ಸಭೆಯು ‘ಸಂತ ಅಂತೋಣಿಯವರ ಬೆಂಕಿ’ ಎಂಬ ಉರಿರೋಗದಿಂದ ನರಳುವವರನ್ನು ಆರೈಕೆ ಮಾಡುತ್ತಾ, ಹಂದಿಯ ಕೊಬ್ಬಿನ ಮುಲಾಮನ್ನು ಹಚ್ಚುತ್ತಿತ್ತು. ಹೀಗೆ ಆ ಪ್ರಾಣಿ ರೋಗಿಗಳ ಸೇವೆಯ ಗುರುತಾಯಿತು. ಈಗ ಅದೇ ಪ್ರಾಣಿ ಇನ್ನೊಂದು ರೀತಿಯಲ್ಲಿ ಆಸ್ಪತ್ರೆಯನ್ನು ಪ್ರವೇಶಿಸಿದೆ.

2022ರ ಜನವರಿ 7ರಂದು ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ವೈದ್ಯರು 57 ವರ್ಷದ ಡೇವಿಡ್ ಬೆನೆಟ್ ಎಂಬವರಿಗೆ ಹಂದಿಯ ಹೃದಯವನ್ನು ಕಸಿ ಮಾಡಿದರು. ಸಾಮಾನ್ಯ ಹಂದಿಯ ಅಂಗವನ್ನು ನಮ್ಮ ದೇಹ ಶತ್ರುವೆಂದು ತಿಳಿದು ಬೇಗನೆ ನಾಶಮಾಡಿಬಿಡುತ್ತದೆ. ಆದ್ದರಿಂದ ಆ ಹಂದಿಯ 10 ವಂಶವಾಹಿಗಳನ್ನು ಮಾರ್ಪಡಿಸಲಾಗಿತ್ತು. ದೇಹದ ತಿರಸ್ಕಾರಕ್ಕೆ ಕಾರಣವಾಗುವ 3 ವಂಶವಾಹಿಗಳನ್ನೂ, ಅಂಗವನ್ನು ಅತಿಯಾಗಿ ಬೆಳೆಸುವ 1 ವಂಶವಾಹಿಯನ್ನೂ ನಿಷ್ಕ್ರಿಯಗೊಳಿಸಿ, ಮಾನವನ 6 ವಂಶವಾಹಿಗಳನ್ನು ಸೇರಿಸಿದ್ದರು. ಬೆನೆಟ್ ಅವರು ಎರಡು ತಿಂಗಳು ಬದುಕಿ ಮಾರ್ಚ್ 8ರಂದು ತೀರಿಕೊಂಡರು. ಆ ಹೃದಯದಲ್ಲಿ ಹಂದಿಯ ವೈರಾಣುವೊಂದು ಅಡಗಿದ್ದುದು ಆಮೇಲೆ ತಿಳಿದುಬಂತು. 2024ರ ಮಾರ್ಚ್‌ನಲ್ಲಿ ಬಾಸ್ಟನ್‌ನಲ್ಲಿ, 69 ಮಾರ್ಪಾಡುಗಳಿದ್ದ ಹಂದಿಯ ಮೂತ್ರಪಿಂಡವನ್ನು 62 ವರ್ಷದ ರೋಗಿಯೊಬ್ಬರಿಗೆ ಜೋಡಿಸಲಾಯಿತು. ಅವರೂ ಸುಮಾರು ಎರಡು ತಿಂಗಳಲ್ಲಿ ನಿಧನರಾದರು; ಕಸಿಯೇ ಇದಕ್ಕೆ ಕಾರಣವೆಂಬ ಕುರುಹು ಇಲ್ಲವೆಂದು ಆಸ್ಪತ್ರೆ ತಿಳಿಸಿತು.

ಇದೆಲ್ಲ ದೂರದ ಮಾತೆಂದು ನಾವು ಭಾವಿಸಬೇಕಿಲ್ಲ. ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆ ಹೋಗಿಬರುವವರು ನಮ್ಮ ಧರ್ಮಕೇಂದ್ರಗಳ ಕುಟುಂಬಗಳಲ್ಲೂ ಇದ್ದಾರೆ. ಅಂಗ ಸಿಗದೆ ಕಾಯುವವರ ಕಣ್ಣೀರು ನಿಜ. ಆದರೆ ರೋಗಿಗಾಗಿ ದೇವರ ಸೃಷ್ಟಿಯನ್ನು ಹೀಗೆ ತಿದ್ದಬಹುದೇ?

ಧರ್ಮಸಭೆ ಇದಕ್ಕೆ ಬಾಗಿಲು ಮುಚ್ಚಿಲ್ಲ. 1956ರಲ್ಲೇ ಜಗದ್ಗುರು ಹನ್ನೆರಡನೇ ಪಯಸ್ ಅವರು ಈ ವಿಷಯವನ್ನು ವಿವೇಚಿಸಿದ್ದರು. 2000ದ ಆಗಸ್ಟ್‌ನಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಅದನ್ನು ನೆನಪಿಸಿ ಎರಡು ಷರತ್ತುಗಳನ್ನು ಮುಂದಿಟ್ಟರು: ಅಂಗ ಪಡೆಯುವವನ ವ್ಯಕ್ತಿತ್ವಕ್ಕೆ ಧಕ್ಕೆ ಬರಬಾರದು, ಅವನನ್ನು ಮಿತಿಮೀರಿದ ಅಪಾಯಕ್ಕೆ ಒಡ್ಡಬಾರದು. 2001ರಲ್ಲಿ ಜೀವ ಕುರಿತ ವ್ಯಾಟಿಕನ್ನಿನ ಅಕಾಡೆಮಿಯು ಇದನ್ನು ವಿವರವಾಗಿ ಪರಿಶೀಲಿಸಿತು. ಪ್ರಾಣಿಗಳನ್ನು ಮಾರ್ಪಡಿಸುವುದು ತನ್ನಷ್ಟಕ್ಕೆ ತಪ್ಪಲ್ಲ. ಆದರೆ ನಿಜವಾದ ಅಗತ್ಯವಿರಬೇಕು, ಅನಗತ್ಯ ಹಿಂಸೆ ಕೂಡದು, ಜೀವವೈವಿಧ್ಯಕ್ಕೆ ಹಾನಿಯಾಗಬಾರದು ಎಂಬುದು ಅದರ ನಿಲುವಿನ ಸಾರ. ಮೆದುಳು ಮತ್ತು ಸಂತಾನೋತ್ಪತ್ತಿಯ ಗ್ರಂಥಿಗಳನ್ನು ಮಾತ್ರ ಎಂದಿಗೂ ಕಸಿ ಮಾಡಲಾಗದು, ಏಕೆಂದರೆ ಅವು ವ್ಯಕ್ತಿಯ ಗುರುತಿಗೇ ಅಂಟಿಕೊಂಡವು.

ಗುಬ್ಬಚ್ಚಿಗಳ ಕುರಿತು ಪ್ರಭು ಯೇಸು ಹೇಳಿದ್ದನ್ನು ಇಲ್ಲಿ ನೆನೆಯೋಣ. ಅಗ್ಗಕ್ಕೆ ಮಾರಾಟವಾಗುವ ಆ ಹಕ್ಕಿಗಳನ್ನೂ ದೇವರು ಮರೆಯುವುದಿಲ್ಲ. ನೀವಾದರೋ ಅವುಗಳಿಗಿಂತ ಬೆಲೆಯುಳ್ಳವರು ಎಂದರು ಪ್ರಭು. ಮಾನವನ ಬೆಲೆ ಹೆಚ್ಚು ಎಂಬುದರಿಂದ ಪ್ರಾಣಿಯ ಬೆಲೆ ಸೊನ್ನೆಯಾಗುವುದಿಲ್ಲ. ಧರ್ಮಸಭೆಯ ಧರ್ಮೋಪದೇಶವೂ ಈ ಎರಡು ಮಾತುಗಳನ್ನು ಅಕ್ಕಪಕ್ಕದಲ್ಲೇ ಇಡುತ್ತದೆ: ಜೀವ ಉಳಿಸಲು ಮಿತಿಯೊಳಗಿನ ಪ್ರಯೋಗ ಸಮ್ಮತ, ವಿನಾಕಾರಣ ಪ್ರಾಣಿಗಳನ್ನು ನರಳಿಸುವುದು ಮಾನವ ಘನತೆಗೇ ವಿರುದ್ಧ. ಜೀವನವಿಡೀ ರೋಗಾಣುಮುಕ್ತ ಕೊಟ್ಟಿಗೆಯಲ್ಲೇ ಕಳೆಯುವ ಆ ಹಂದಿಗೆ ಬೇಡವೆನ್ನಲು ಬಾಯಿಲ್ಲ. ಅದರ ಪರವಾಗಿ ಯೋಚಿಸುವ ಹೊಣೆ ನಮ್ಮದು. ಸಾವಿನಂಚಿನಲ್ಲಿರುವ ರೋಗಿಯ ಹತಾಶೆಯೂ ಪ್ರಯೋಗದ ಸಾಧನವಾಗಬಾರದು. ಅಪಾಯವನ್ನು ಮುಚ್ಚಿಡದೆ ಹೇಳಿ, ಅವನ ಮನಃಪೂರ್ವಕ ಒಪ್ಪಿಗೆ ಪಡೆಯಬೇಕು. ಪ್ರಾಣಿಯ ಸೋಂಕು ಇತರರಿಗೂ ಹರಡಬಹುದಾದ್ದರಿಂದ ಸಮಾಜದ ಸುರಕ್ಷೆಯನ್ನೂ ನೋಡಬೇಕು.

ಹಾಗಾದರೆ ನಮ್ಮ ಪಾಲೇನು? ಮರಣಾನಂತರ ನಮ್ಮ ಅಂಗಗಳನ್ನು ದಾನ ಮಾಡಲು ನಾವು ನಿರ್ಧರಿಸಬಹುದು. ನಮ್ಮ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆ ಇದಕ್ಕೆ ನೆರವಾಗುತ್ತದೆ. ಇದನ್ನು ಮನೆಯವರೊಡನೆ ಮೊದಲೇ ಮಾತಾಡಿಕೊಂಡಿರುವುದು ಒಳ್ಳೆಯದು, ಏಕೆಂದರೆ ಆ ಗಳಿಗೆಯಲ್ಲಿ ಒಪ್ಪಿಗೆ ಕೊಡಬೇಕಾದವರು ಅವರೇ. ಮಾನವರಿಂದಲೇ ಮಾನವರಿಗೆ ಅಂಗ ದೊರೆತಷ್ಟೂ ಪ್ರಾಣಿಗಳ ಮೇಲಿನ ಹೊರೆ ತಗ್ಗುತ್ತದೆ. ತನ್ನ ದೇಹವನ್ನೇ ನಮಗಾಗಿ ನೀಡಿದ ಪ್ರಭುವನ್ನು ಬಲಿಪೂಜೆಯಲ್ಲಿ ಸ್ವೀಕರಿಸುವ ನಮಗೆ ಈ ದಾನ ಹೊಸ ಪಾಠವೇನಲ್ಲ. ರೋಗಿಗಳನ್ನೂ ಮೂಕಜೀವಿಗಳನ್ನೂ ಒಂದೇ ಕರುಣೆಯಿಂದ ಕಾಣುವ ಹೃದಯವನ್ನು ಸಂತ ಅಂತೋಣಿಯವರು ನಮಗಾಗಿ ಬೇಡಲಿ. ಆಮೆನ್.